ಸಾಲ ತಂದ ಸಾಲುಗಳು

ಮೊನ್ನೆ ಮಂಗಳವಾರ ರಾತ್ರಿ ಹತ್ತೂವರೆಗೆ ಹುಬ್ಬಳ್ಳಿಯಿಂದ ವಾಟ್ಸಾಪ್ ಬಂತು. "ಅಕ್ಕಾರೆ, ಆ ಎರಡ ಲೈನ್ ಮತ್ತೊಮ್ಮೆ ಕಳಸ್ತೀರೇನ್ರಿ? ಫೈಲ್‌ನ್ಯಾಗ ಕನ್ನಡ ಎಲ್ಲಾ ಹಾಳಾಗೇದ."

ಕಳಿಸಿದವನು ನಾಲ್ಕು ವರ್ಷ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹುಡುಗ. ಈಗ ಊರಿಗೆ ವಾಪಸ್ ಹೋಗಿ ಅಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಹುಡುಗ ಅಂದೆ, ಅವನಿಗೀಗ ಮೂವತ್ತೆರಡು, ಎರಡು ಮಕ್ಕಳು. ಜೂನಿಯರ್ ಆಗಿ ಬಂದವರು ನಮ್ಮ ಲೆಕ್ಕದಲ್ಲಿ ಕೊನೆವರೆಗೂ ಹುಡುಗರೇ.

ಯಾವ ಎರಡು ಲೈನ್ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕನ್ನಡ ಹಾಳಾಗಿದೆ ಅಂದರೆ ಅದೇ ಎರಡು ಸಾಲು ಕೋಡ್. ಲ್ಯಾಪ್‌ಟಾಪ್ ಮುಚ್ಚಿ ಮಲಗುವ ಹೊತ್ತು, ಮತ್ತೆ ತೆಗೆದೆ.

ನನ್ನ ಕಂಪ್ಯೂಟರಿನಲ್ಲಿ "ಬೇಕಾಗತ್ತೆ" ಅಂತ ಒಂದು ಫೈಲ್ ಇದೆ. 2011ರಲ್ಲಿ ಶುರು ಮಾಡಿದ್ದು. ಸಾದಾ ಟೆಕ್ಸ್ಟ್ ಫೈಲು. ಲ್ಯಾಪ್‌ಟಾಪ್‌ಗಳು ಬದಲಾದವು, ಅದು ಮಾತ್ರ ಹಿಂದೆ ಹಿಂದೆಯೇ ಬಂತು. ಅಡುಗೆಮನೆಯಲ್ಲಿ ಒಂದು ಕೊನೇ ಡ್ರಾಯರ್ ಇರುತ್ತದಲ್ಲ, ರಬ್ಬರ್ ಬ್ಯಾಂಡ್, ಯಾವುದೋ ಬೀಗದ ಕೈ, ಗ್ಯಾಸ್ ಪುಸ್ತಕ, ಅರ್ಧ ಉರಿದ ಮೇಣದಬತ್ತಿ ಎಲ್ಲ ಒಟ್ಟಿಗೆ ಬಿದ್ದಿರುವುದು, ಹಾಗೇ ಇದೆ ಒಳಗೆ. ಡೇಟಾಬೇಸ್ ಬ್ಯಾಕಪ್ ತೆಗೆಯುವ ಒಂದು ಸಾಲು. 8000ನೇ ಪೋರ್ಟನ್ನು ಹಿಡಿದು ಕೂತಿರುವ ಪ್ರೋಗ್ರಾಂ ಯಾವುದು ಅಂತ ಹುಡುಕುವ ಒಂದು ಸಾಲು. ಗಿಟ್‌ನಲ್ಲಿ ಅವಸರಕ್ಕೆ ಮಾಡಿದ ಕಮಿಟ್ಟನ್ನು ಕೋಡ್ ಕಳೆಯದ ಹಾಗೆ ಬಿಚ್ಚುವ ಒಂದು ಸಾಲು. ಈ ಕೊನೆಯದನ್ನು ನೂರು ಸಲವಾದರೂ ಬಳಸಿದ್ದೇನೆ. ಇನ್ನೂ ಬಾಯಿಪಾಠ ಆಗಿಲ್ಲ. ಪ್ರತಿ ಸಲ ಹೋಗಿ ನೋಡಿಕೊಂಡು ಬರುತ್ತೇನೆ.

ಇದರಲ್ಲಿ ನಾನೇ ಯೋಚಿಸಿ ಬರೆದದ್ದು ಹತ್ತರಲ್ಲಿ ಒಂದಿರಬಹುದು. ಉಳಿದದ್ದು ಯಾರೋ ಕೊಟ್ಟದ್ದು, ಎಲ್ಲೋ ಸಿಕ್ಕಿದ್ದು, ಯಾರದೋ ಭುಜದ ಮೇಲಿಂದ ಇಣುಕಿ ನೋಡಿ ಬರೆದುಕೊಂಡದ್ದು. ಒಂಥರಾ ಕೈಗಡ. ಪತ್ರ ಇಲ್ಲ, ಬಡ್ಡಿ ಇಲ್ಲ, ಸಾಕ್ಷಿ ಇಲ್ಲ. ಸಾಲಕ್ಕೂ ಸಾಲಿಗೂ ಕನ್ನಡದಲ್ಲಿ ಒಂದು ಕೊಂಬಿನ ವ್ಯತ್ಯಾಸ ಅಷ್ಟೇ.

ಆ ಎರಡು ಸಾಲಿನ ಕತೆ ಹೇಳುತ್ತೇನೆ. ನಮ್ಮದು ಅಂಗಡಿಗಳಿಗೆ, ಸಣ್ಣ ಸಹಕಾರ ಸಂಘಗಳಿಗೆ ಬಿಲ್ಲು-ಲೆಕ್ಕದ ಸಾಫ್ಟ್‌ವೇರ್ ಮಾಡುವ ಕೆಲಸ. ಸದಸ್ಯರ ಪಟ್ಟಿಯನ್ನು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರೆ ಮಾಡಿದ ಸಾದಾ ಪಟ್ಟಿ) ಮಾಡಿ ಕೊಟ್ಟರೆ ಅವರು ಅದನ್ನು ಎಕ್ಸೆಲ್‌ನಲ್ಲಿ ತೆಗೆಯುತ್ತಾರೆ. ತೆಗೆದ ತಕ್ಷಣ ಫೋನ್ ಬರುತ್ತದೆ. ಶಾಂತಮ್ಮ, ಬಸಪ್ಪ ಇರಬೇಕಾದ ಕಡೆ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಯಾವುದೋ ಯುರೋಪಿನ ಅಕ್ಷರಗಳ ರಾಶಿ. ಫೈಲಿನಲ್ಲಿ ಏನೂ ತಪ್ಪಿಲ್ಲ. ಅಕ್ಷರಗಳನ್ನು ಕಂಪ್ಯೂಟರಿನ ಅಂಕಿಗಳಾಗಿ ಬರೆಯುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಒಂದೊಂದು ಕನ್ನಡ ಅಕ್ಷರ ಮೂರು ಮೂರು ಬೈಟ್ ಆಗಿ ಸರಿಯಾಗೇ ಕೂತಿದೆ. ಆದರೆ ಎಕ್ಸೆಲ್ ಅದನ್ನು ಯುಟಿಎಫ್-8 ಅಂತ ತಿಳಿಯದೆ, ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದಿಬಿಡುತ್ತದೆ.

ಇದಕ್ಕೆ ಮದ್ದು ಚಿಕ್ಕದು. ಫೈಲಿನ ಶುರುವಿನಲ್ಲಿ ಮೂರು ಬೈಟಿನ ಒಂದು ಗುರುತು ಇಡಬೇಕು. ಅದಕ್ಕೆ ಬಾಮ್ ಅಂತ ಹೆಸರು. ಅದು ಕಂಡರೆ ಎಕ್ಸೆಲ್‌ಗೆ ಇದು ಯುಟಿಎಫ್-8 ಅಂತ ಗೊತ್ತಾಗುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಫೈಲ್ ತೆಗೆಯುವಾಗ "ಯುಟಿಎಫ್-8" ಅಂತ ಬರೆಯುವ ಜಾಗದಲ್ಲಿ "ಯುಟಿಎಫ್-8-ಸಿಗ್" ಅಂತ ಬರೆದರೆ ಮುಗಿಯಿತು. ನಾಲ್ಕೇ ಅಕ್ಷರ ಜಾಸ್ತಿ. ಕನ್ನಡ ಸರಿಯಾಗಿ ಕಾಣುತ್ತದೆ, ಫೋನ್ ನಿಲ್ಲುತ್ತದೆ. ಅವನು ನಮ್ಮಲ್ಲಿದ್ದಾಗ ನಾನು ಕೊಟ್ಟ ಎರಡು ಸಾಲು ಇದೇ. ಹೇಳಿದ್ದು ಒಂದೇ ಮಾತು: "ಇದನ್ನ ಹಾಕು, ಸರಿಹೋಗತ್ತೆ."

ಸರಿಹೋಯಿತು. ಸಾಲ ತರುವಾಗ ಹಾಲು-ಅನ್ನ ಉಂಡ ಹಾಗೆ ಇರುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ, ಹಾಗಿತ್ತು.

ಹೋದ ವರ್ಷ ಒಂದು ಶನಿವಾರ ಅವನ ಫೋನು. ದನಿ ಬಿದ್ದುಹೋಗಿತ್ತು. ಅವನ ಹೊಸ ಕಂಪನಿಯಲ್ಲಿ ಅದೇ ಎರಡು ಸಾಲು ಹಾಕಿ ಒಂದು ಫೈಲ್ ಮಾಡಿದ್ದಾನೆ. ಆ ಫೈಲನ್ನು ಇನ್ನೊಬ್ಬರ ಪ್ರೋಗ್ರಾಂ ಓದಬೇಕು. ಅದು "ಹೆಸರು ಅನ್ನುವ ಕಾಲಂ ಇಲ್ಲ" ಅಂತ ಬಾಗಿಲು ಹಾಕಿಕೊಂಡಿದೆ. ಫೈಲ್ ತೆಗೆದು ನೋಡಿದರೆ ಮೊದಲನೇ ಕಾಲಮ್ಮೇ "ಹೆಸರು". ಕಣ್ಣೆದುರಿಗೇ ಇದೆ. ಮೂರು ದಿನ ನೋಡಿದ್ದಾರೆ. ಸ್ಪೆಲಿಂಗ್ ನೋಡಿದ್ದಾರೆ, ಸ್ಪೇಸ್ ಇದೆಯಾ ನೋಡಿದ್ದಾರೆ, "ಹೆಸರು" ಅಳಿಸಿ ಮತ್ತೆ ಟೈಪ್ ಮಾಡಿದ್ದಾರೆ. ಅಳಿಸಿದ್ದು ಹೆಸರನ್ನು. ಅದರ ಮುಂದೆ ಕೂತಿರುವ ಆ ಮೂರು ಬೈಟ್ ಕಾಣುವುದೇ ಇಲ್ಲ, ಅಳಿಸುವುದು ಹೇಗೆ? ಓದುವ ಪ್ರೋಗ್ರಾಂ ಸಾದಾ ಯುಟಿಎಫ್-8 ಅಂತ ಓದುತ್ತಿತ್ತು. ಹಾಗಾಗಿ ಬಾಮ್ ಕೂಡ ಹೆಸರಿನ ಭಾಗವೇ ಆಗಿಬಿಟ್ಟಿತ್ತು.

ನಾನು ಎರಡು ನಿಮಿಷದಲ್ಲಿ ಹೇಳಿದೆ. "ಅಕ್ಕಾರೆ, ನೀವು ಭಾರಿ ಬಿಡ್ರಿ" ಅಂದ. ನನಗೆ ನಾಚಿಕೆಯಾಯಿತು. ಯಾಕೆಂದರೆ ನಾನು ಬುದ್ಧಿ ಓಡಿಸಿ ಹೇಳಿದ್ದಲ್ಲ. ಇದೇ ಗುಂಡಿಗೆ ನಾನೇ 2016ರಲ್ಲಿ ಬಿದ್ದಿದ್ದೆ, ಒಂದಿಡೀ ದಿನ ಕಳೆದಿದ್ದೆ. ಎದ್ದು ಬಂದೆ, ಮೈ ಕೊಡವಿಕೊಂಡೆ, ಮರೆತೆ. "ಬೇಕಾಗತ್ತೆ" ಫೈಲಿನಲ್ಲಿ ಎರಡು ಸಾಲು ಹಾಗೇ ಇದ್ದವು. ಅವುಗಳ ಪಕ್ಕ ಒಂದು ಮಾತೂ ಇರಲಿಲ್ಲ. ಗುಂಡಿ ಇರುವ ದಾರಿಯನ್ನು ಅವನಿಗೆ ತೋರಿಸಿ ಗುಂಡಿಯ ಮಾತು ಹೇಳದೆ ಕಳಿಸಿದ್ದೆ.

ಮೊದಲ ಕೆಲಸದಲ್ಲಿ ನನಗೆ ಹೇಳಿಕೊಟ್ಟವರು ಪುತ್ತೂರಿನ ಕಡೆಯವರು. ಅವರ ಮಾನಿಟರಿನ ಅಂಚಿನಲ್ಲಿ ಸಣ್ಣ ಸಣ್ಣ ಚೀಟಿ ಅಂಟಿಸಿರುತ್ತಿದ್ದರು. ಪ್ರತಿ ಚೀಟಿಯಲ್ಲೂ ಒಂದು ಕಮಾಂಡು, ಕೆಳಗೆ ತಾರೀಕು, ಯಾರು ಹೇಳಿದ್ದು ಅಂತ ಒಂದು ಹೆಸರು. ನಾನು ಒಂದು ಚೀಟಿಯನ್ನು ಫೋಟೋ ತೆಗೆದುಕೊಳ್ಳಲು ಹೋದರೆ ತಡೆದರು. "ಕೈಯಲ್ಲಿ ಬರಿ ಮಾರಾಯ್ತಿ. ಬರೀವಾಗ ಒಂದು ಪ್ರಶ್ನೆ ಬರ್ತದೆ ನೋಡು, ಅದನ್ನು ಕೇಳು." ಆಗ ಇದು ಹಳೇ ಕಾಲದ ಮೇಷ್ಟ್ರ ಹಟ ಅನ್ನಿಸಿತ್ತು. ಪೇಸ್ಟ್ ಮಾಡಿದರೆ ಅರ್ಧ ಸೆಕೆಂಡ್ ಸಾಕಲ್ಲ, ಯಾಕೆ ಬರೆಯಬೇಕು? ಆದರೆ ಬರೆಯುವಾಗ ಪ್ರಶ್ನೆ ಬರುತ್ತಿತ್ತು, ಅದಂತೂ ನಿಜ. ಈ ಗೀಟು ಯಾಕೆ, ಈ ಡಾಲರ್ ಯಾಕೆ, ಇದಿಲ್ಲದಿದ್ದರೆ ಏನಾಗುತ್ತದೆ?

ಬಾಮ್ ಕತೆಗೆ ಒಂದು ಬಾಲವಿದೆ. ಹುಬ್ಬಳ್ಳಿಯ ಅವನ ಆಫೀಸಿನಲ್ಲಿ ಯಾರೋ ಒಬ್ಬರು, ಇನ್ನು ಇಂಥ ಕಾಟವೇ ಬೇಡ ಅಂತ, ಇಂಟರ್‌ನೆಟ್ಟಿನಿಂದ ಒಂದು ಸಾಲು ತಂದು ಹಾಕಿದರು. ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕುವ ರೆಜೆಕ್ಸ್, ಅಂದರೆ ಒಂದು ಮಾದರಿಗೆ ಹೊಂದುವ ಅಕ್ಷರಗಳನ್ನು ಹುಡುಕುವ ಸೂತ್ರ. ಇಂಗ್ಲಿಷಿಗೆ ಬಹಳ ಒಳ್ಳೆಯದು. ಬಾಮ್ ಹೋಯಿತು. ಅದರ ಜೊತೆಗೆ ಇನ್ನೊಂದೂ ಹೋಯಿತು. ನಾವು ಕನ್ನಡದಲ್ಲಿ "ಬ್ಯಾಂಕ್‌ನಲ್ಲಿ" ಅಂತ ಬರೆಯುವಾಗ ಅರ್ಧ ಕಕಾರ ಆದಮೇಲೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅದರ ಕೆಲಸ, ಮುಂದಿನ ನಕಾರ ಒತ್ತಾಗಿ ಕೆಳಗೆ ಇಳಿಯದ ಹಾಗೆ ಅಡ್ಡ ನಿಲ್ಲುವುದು. ಅದನ್ನು ಕಿತ್ತರೆ "ಬ್ಯಾಂಕ್ನಲ್ಲಿ" ಆಗುತ್ತದೆ. ಅಂಗಡಿಗಳ ಪಟ್ಟಿಯಲ್ಲಿ "ಟೆಕ್ಸ್‌ಟೈಲ್ಸ್" ಹೋಗಿ "ಟೆಕ್ಸ್ಟೈಲ್ಸ್" ಆಯಿತು. ಒಬ್ಬ ಅಂಗಡಿಯವರು ಬೋರ್ಡಿನ ಫೋಟೋ ಕಳಿಸಿ, ನಮ್ಮ ಹೆಸರು ಹೀಗೆ, ನೀವು ಒತ್ತು ಕೊಟ್ಟಿದ್ದು ಯಾಕೆ ಅಂತ ಜಗಳಕ್ಕೇ ಬಂದರಂತೆ. ನ್ಯಾಯವೇ. ಆ ಸಾಲು ಬರೆದವರ ಊರಿನಲ್ಲಿ ಕಾಣದ ಅಕ್ಷರ ಅಂದರೆ ಕಸ. ನಮ್ಮ ಊರಿನಲ್ಲಿ ಅದಕ್ಕೂ ಒಂದು ಕೆಲಸ ಇದೆ.

ಕನ್ನಡದ ಜೊತೆ ಕೆಲಸ ಮಾಡುವವರಿಗೆ ಇಂಥವು ಸಾಲುಸಾಲಾಗಿ ಸಿಗುತ್ತವೆ. "ಕನ್ನಡ" ಅನ್ನುವ ಪದದ ಉದ್ದ ಎಷ್ಟು ಅಂತ ಪೈಥಾನ್ ಕೇಳಿದರೆ 5 ಅನ್ನುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಅದು ಕ, ನ, ಅರ್ಧಮಾಡುವ ಗುರುತು, ನ, ಡ ಅಂತ ಎಣಿಸುತ್ತದೆ. ಬಿಲ್ಲಿನಲ್ಲಿ ಹೆಸರು ಉದ್ದವಾದರೆ ಇಪ್ಪತ್ತಕ್ಕೆ ಕತ್ತರಿಸು ಅನ್ನುವ ಸಾಲು ತಂದು ಹಾಕಿದರೆ ಒಂದು ದಿನ ಕತ್ತರಿ ಸರಿಯಾಗಿ ಒತ್ತಕ್ಷರದ ನಡುವೆ ಬೀಳುತ್ತದೆ. ಅಕ್ಷರ ಕ್ರಮದಲ್ಲಿ ಜೋಡಿಸುವ ಸಾಲು ಹಾಕಿದರೆ ಳಕಾರ ವಕಾರಕ್ಕಿಂತ ಮೊದಲೇ ಬಂದು ಕೂರುತ್ತದೆ. ಯುನಿಕೋಡ್ ಕೋಷ್ಟಕದಲ್ಲಿ ಅದರ ಜಾಗ ಲಕಾರದ ಪಕ್ಕ. ನಮ್ಮ ವರ್ಣಮಾಲೆಯಲ್ಲಿ ಹಕಾರ ಆದಮೇಲೆ, ಕೊನೆಯಲ್ಲಿ. ಹಳೇ ಫೈಲುಗಳಿಂದ ಬಂದ "ಹೋ" ಮತ್ತು ಹೊಸದಾಗಿ ಟೈಪ್ ಮಾಡಿದ "ಹೋ" ಒಂದೇ ಥರ ಕಂಡರೂ ಹುಡುಕಿದಾಗ ಒಂದಕ್ಕೊಂದು ಸಿಗುವುದಿಲ್ಲ. ಒಂದರಲ್ಲಿ ಓ ಸ್ವರದ ಗುರುತು ಒಂದೇ ತುಂಡು, ಇನ್ನೊಂದರಲ್ಲಿ ಅದೇ ಗುರುತು ಮೂರು ತುಂಡು. ಎರಡನ್ನೂ ಒಂದೇ ರೂಪಕ್ಕೆ ತರುವ ಸಾಲು ಪೈಥಾನಿನ ಒಳಗೇ ಇದೆ, ಎನ್ಎಫ್‌ಸಿ ಅಂತ ಹೇಳಿ ಕರೆದರೆ ಸಾಕು. ಅದು ನನಗೆ ಸಿಕ್ಕಿದ್ದು ನಿಘಂಟಿನ ಕೆಲಸ ಮಾಡುತ್ತಿದ್ದ ಒಬ್ಬರಿಂದ, ಒಂದು ಮದುವೆ ಊಟದ ಪಂಕ್ತಿಯಲ್ಲಿ. ಪಾಯಸ ಬರುವಷ್ಟರಲ್ಲಿ ನನ್ನ ಒಂದು ವಾರದ ತಲೆನೋವು ಇಳಿದಿತ್ತು.

ಥರ್ಮಲ್ ಪ್ರಿಂಟರಿನದು ಇನ್ನೂ ಮಜಾ ಇದೆ. ಅಂಗಡಿಯಲ್ಲಿ ಬಿಲ್ಲು ಉಗುಳುವ ಆ ಪುಟ್ಟ ಪೆಟ್ಟಿಗೆಗಳಲ್ಲಿ ಕನ್ನಡದ ಅಕ್ಷರಗಳು ಸಾಮಾನ್ಯವಾಗಿ ಇರುವುದೇ ಇಲ್ಲ. ಹಾಗಾಗಿ ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು. 58 ಮಿಲಿಮೀಟರ್ ಕಾಗದದ ಪ್ರಿಂಟರ್ ಆದರೆ ಅಡ್ಡಕ್ಕೆ 384 ಚುಕ್ಕಿ. ಆ ಅಳತೆಯ ಚಿತ್ರದಲ್ಲಿ "ಅಕ್ಕಿ 25 ಕೆಜಿ" ಅಂತ ಬರೆದು ಚುಕ್ಕಿಗಳ ಲೆಕ್ಕದಲ್ಲಿ ಕಳಿಸುವುದು. ಚಿತ್ರ ಮಾಡಲು ಪೈಥಾನಿಗೆ ಅಂತ ಬೇರೆಯವರು ಬರೆದಿಟ್ಟ ಪಿಲ್ಲೋ ಲೈಬ್ರರಿಯಲ್ಲಿ ಇದು ಹತ್ತು ಸಾಲು. ನಾನು ಬರೆದೆ, ವಿಂಡೋಸ್ ಬದಲು ನಾನು ಬಳಸುವ ಉಬುಂಟುವಿನಲ್ಲಿ ಮುತ್ತಿನ ಹಾಗೆ ಬಂತು, ಹುಮ್ಮಸ್ಸಿನಲ್ಲಿ ನಾಲ್ಕು ಜನಕ್ಕೆ ಕಳಿಸಿದೆ.

ಮಾರನೇ ದಿನ ಒಬ್ಬರು ಬಿಲ್ಲಿನ ಫೋಟೋ ಕಳಿಸಿದರು. "ಅಕ್ಕಿ" ಇದ್ದ ಕಡೆ ಅ, ಆಮೇಲೆ ಅರ್ಧ ಕಕಾರ, ಆಮೇಲೆ ಇನ್ನೊಂದು ಕ, ಪಕ್ಕದಲ್ಲಿ ಗುಡಿಸು ಬೇರೆಯಾಗಿ ನಿಂತಿದೆ. ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ ಬಿಡಿಸಿ ಬರೆದ ಹಾಗೆ. ಅವರದು ವಿಂಡೋಸ್. ಒತ್ತು, ಗುಡಿಸುಗಳನ್ನು ಜೋಡಿಸುವುದು ಪಿಲ್ಲೋ ತಾನೇ ಮಾಡುವ ಕೆಲಸ ಅಲ್ಲ. ಅದು ರಾಕ್ಮ್ ಅನ್ನುವ ಇನ್ನೊಂದು ಲೈಬ್ರರಿಗೆ ಹೇಳುತ್ತದೆ. ರಾಕ್ಮ್‌ಗೆ ಫ್ರಿಬಿಡಿ ಅನ್ನುವ ಮತ್ತೊಂದು ಲೈಬ್ರರಿ ಬೇಕು. ನನ್ನ ಉಬುಂಟುವಿನಲ್ಲಿ ಫ್ರಿಬಿಡಿ ಮೊದಲೇ ಇತ್ತು. ಅವರ ವಿಂಡೋಸ್‌ನಲ್ಲಿ ಅದರ ಡಿಎಲ್ಎಲ್ ಫೈಲನ್ನು ನಾವೇ ತಂದು ಇಡಬೇಕಿತ್ತು. ಇಲ್ಲದಿದ್ದರೆ ಪಿಲ್ಲೋ ತಪ್ಪು ಅಂತಲೂ ಹೇಳುವುದಿಲ್ಲ, ಸುಮ್ನೆ ಬಿಡಿಬಿಡಿಯಾಗಿ ಬರೆದುಬಿಡುತ್ತದೆ. ನಾನು ಕಳಿಸಿದ್ದು ಹತ್ತು ಸಾಲು. ಆ ಹತ್ತು ಸಾಲು ನಿಂತಿದ್ದ ನೆಲವನ್ನು ಕಳಿಸಿರಲಿಲ್ಲ, ನನ್ನ ಕಾಲ ಕೆಳಗೆ ಅಂಥದ್ದೊಂದು ನೆಲ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಈಗ ಆ ತುಣುಕಿನ ಮೊದಲ ಸಾಲೇ ರಾಕ್ಮ್ ಇದೆಯಾ ಅಂತ ಕೇಳುತ್ತದೆ. ಇಲ್ಲದಿದ್ದರೆ ಅಲ್ಲೇ ನಿಂತು ಕೂಗುತ್ತದೆ.

ನಮ್ಮಂಥ ಸಣ್ಣವರ ಕತೆ ಮಾತ್ರ ಇದು ಅಂದುಕೊಳ್ಳಬೇಡಿ. 2010ರಲ್ಲಿ ಆಂಡ್ರಿಯಾಸ್ ಲುಂಡ್‌ಬ್ಲಾಡ್ ಅನ್ನುವವರು ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಟಾಕ್ ಓವರ್‌ಫ್ಲೋ ತಾಣದಲ್ಲಿ ಒಂದು ಉತ್ತರ ಬರೆದರು. ಬೈಟ್‌ಗಳ ಲೆಕ್ಕವನ್ನು ಕೆಬಿ, ಎಂಬಿ ಅಂತ ಓದಲು ಬರುವ ಹಾಗೆ ತೋರಿಸುವ ನಾಲ್ಕಾರು ಸಾಲಿನ ಜಾವಾ ಕೋಡ್. ಅಲ್ಲಿಂದ ಅದು ಸಾವಿರಾರು ಪ್ರಾಜೆಕ್ಟ್‌ಗಳಿಗೆ ಹೋಯಿತು. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅತಿ ಹೆಚ್ಚು ನಕಲಾದ ಜಾವಾ ತುಣುಕು ಅದೇ ಅಂತ ಗೊತ್ತಾಯಿತು. 2019ರ ಕೊನೆಯಲ್ಲಿ ಲುಂಡ್‌ಬ್ಲಾಡ್ ತಾವೇ ಮುಂದೆ ಬಂದು, ಅದರಲ್ಲಿ ತಪ್ಪಿದೆ ಅಂತ ಬರೆದರು. 9,99,999 ಬೈಟ್ ಕೊಟ್ಟರೆ ಅದು 1 ಎಂಬಿ ಅನ್ನುವ ಬದಲು 1000 ಕೆಬಿ ಅನ್ನುತ್ತಿತ್ತು. ದೊಡ್ಡ ಅನಾಹುತ ಏನಲ್ಲ. ಆದರೆ ಒಂಬತ್ತು ವರ್ಷ ಅಷ್ಟೊಂದು ಜನ ಅದನ್ನು ಇಟ್ಟುಕೊಂಡಿದ್ದರಲ್ಲ! ನನಗೆ ಇದರಲ್ಲಿ ಇಷ್ಟವಾದದ್ದು ತಪ್ಪಲ್ಲ, ಆ ಮನುಷ್ಯ ಅದನ್ನು ಹೇಳಿಕೊಂಡ ರೀತಿ. ಆದರೆ ಹೇಳಿ ಏನು ಬಂತು? ತೆಗೆದುಕೊಂಡವರಲ್ಲಿ ಹೆಚ್ಚಿನವರು ಎಲ್ಲಿಂದ ತಂದದ್ದು ಅಂತ ಬರೆದಿಟ್ಟಿರಲೇ ಇಲ್ಲ. ಆ ತಾಣದ ಲೈಸೆನ್ಸ್ ಪ್ರಕಾರ ಮೂಲ ಹೇಳಬೇಕು. ಲೈಸೆನ್ಸ್ ಮಾತು ಬಿಡಿ, ಕೊಟ್ಟವರ ಹೆಸರು ಬರೆದಿಟ್ಟಿದ್ದರೆ ಅವರು "ತಪ್ಪಾಯಿತು, ತಿದ್ದಿಕೊಳ್ಳಿ" ಅಂದಾಗ ಕೇಳಿಸುತ್ತಿತ್ತು ಅಲ್ವಾ? ಪುತ್ತೂರಿನವರ ಚೀಟಿಯ ಕೆಳಗಿನ ಹೆಸರು ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ.

2021ರಲ್ಲಿ ಸ್ಟಾಕ್ ಓವರ್‌ಫ್ಲೋದವರು ಏಪ್ರಿಲ್ ಫೂಲ್ ತಮಾಷೆಯ ಜೊತೆಗೆ ಒಂದು ಎಣಿಕೆಯನ್ನೂ ಮಾಡಿದರು. ಒಂದು ಪ್ರಶ್ನೆಯ ಪುಟಕ್ಕೆ ಬಂದವರಲ್ಲಿ ನಾಲ್ಕರಲ್ಲಿ ಒಬ್ಬರು ಐದು ನಿಮಿಷದ ಒಳಗೆ ಏನನ್ನಾದರೂ ಕಾಪಿ ಮಾಡಿಕೊಂಡು ಹೋಗುತ್ತಾರಂತೆ. ಐದು ನಿಮಿಷವೂ ನನಗೆ ಜಾಸ್ತಿ ಅನ್ನಿಸಿತು. ನಾನಾಗಿದ್ದರೆ ನಲವತ್ತು ಸೆಕೆಂಡ್.

ಇನ್ನೊಂದು ಕತೆ ಎಲ್ಲರಿಗೂ ಗೊತ್ತಿರುವುದೇ. 2016ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್ ಹೆಸರಿನ ಜಗಳವೊಂದರಲ್ಲಿ ಬೇಸತ್ತು ಜಾವಾಸ್ಕ್ರಿಪ್ಟ್ ಕೋಡ್ ಹಂಚಿಕೊಳ್ಳುವ ಎನ್‌ಪಿಎಂನಲ್ಲಿ ಇಟ್ಟಿದ್ದ ತನ್ನ ಇನ್ನೂರೈವತ್ತಕ್ಕೂ ಹೆಚ್ಚು ಪ್ಯಾಕೇಜುಗಳನ್ನು ವಾಪಸ್ ತೆಗೆದುಕೊಂಡ. ಅದರಲ್ಲೊಂದು ಲೆಫ್ಟ್-ಪ್ಯಾಡ್. ಪದದ ಎಡಕ್ಕೆ ಖಾಲಿ ಜಾಗ ತುಂಬುವ 11 ಸಾಲು. ಅದಿಲ್ಲದೆ ಬೇಬಲ್ ಅನ್ನುವ ಜಾವಾಸ್ಕ್ರಿಪ್ಟ್ ಸಾಧನ ಸೇರಿ ಎಷ್ಟೋ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಯಿತು. ಆಗ ನಾವೆಲ್ಲ ಕಾಫಿ ಕುಡಿಯುತ್ತಾ ನಕ್ಕೆವು, 11 ಸಾಲು ಬರೆಯಲು ಬರದವರೇ ಇವರು ಅಂತ. ಆಮೇಲೆ ಸುಮ್ಮನೆ ಹೋಗಿ ನಮ್ಮ ಪ್ರಾಜೆಕ್ಟಿನ ಪಟ್ಟಿ ತೆಗೆದು ನೋಡಿದೆವು. ಅಲ್ಲೂ ಇತ್ತು. ನಾವ್ಯಾರೂ ಕರೆದಿರಲಿಲ್ಲ, ಕರೆದವರ ಜೊತೆ ಬಂದಿತ್ತು.

ಕಳಿಸುವ ದಾರಿಯಲ್ಲೂ ಕಳೆದುಹೋಗುವುದಿದೆ. ನಮ್ಮಲ್ಲಿ ಅರ್ಧ ಕೋಡ್ ಓಡಾಡುವುದು ವಾಟ್ಸಾಪ್‌ನಲ್ಲಿ. ಕಮಾಂಡಿನಲ್ಲಿ ಎರಡು ಅಡ್ಡಗೆರೆ ಇರುತ್ತವೆ. ಐಫೋನಿನಲ್ಲಿ ಟೈಪ್ ಮಾಡಿದರೆ ಅದು ಜಾಣತನ ತೋರಿಸಿ ಎರಡನ್ನೂ ಸೇರಿಸಿ ಒಂದು ಉದ್ದ ಗೆರೆ ಮಾಡುತ್ತದೆ. ನೆಟ್ಟಗಿನ ಉದ್ಧರಣ ಚಿಹ್ನೆ ಸೊಟ್ಟಗಾಗುತ್ತದೆ. ಓದುವುದಕ್ಕೆ ಚಂದ, ಟರ್ಮಿನಲ್‌ಗೆ ಹಾಕಿದರೆ ಬೈಗುಳ. ಮೊದಲಿಗೂ ಕೊನೆಗೂ ಮೂರು ಮೂರು ಬ್ಯಾಕ್‌ಟಿಕ್ ಹಾಕಿದರೆ ನಕ್ಷತ್ರದ ಗುರುತುಗಳನ್ನು ದಪ್ಪಕ್ಷರ ಮಾಡುವ ಕಾಟವಾದರೂ ತಪ್ಪುತ್ತದೆ. ಆದರೆ ಫೋನಿನ ಕೀಬೋರ್ಡ್ ಅದಕ್ಕೆ ಮೊದಲೇ ತಿದ್ದಿದ್ದರೆ ಬ್ಯಾಕ್‌ಟಿಕ್ ಏನು ಮಾಡೀತು? ಇನ್ನು ಸ್ಕ್ರೀನ್‌ಶಾಟ್ ಕಳಿಸುವವರಿಗೆ ಏನು ಹೇಳಲಿ. ಕೋಡನ್ನು ಫೋಟೋ ತೆಗೆದು ಕಳಿಸುವುದು ಅಂದರೆ ಹಸಿದವರಿಗೆ ಊಟದ ಚಿತ್ರ ತೋರಿಸಿದ ಹಾಗೆ. ಆದರೂ ಒಂದು ಲಾಭ ಇದೆ ನೋಡಿ, ಅದನ್ನು ಕೈಯಲ್ಲೇ ಟೈಪ್ ಮಾಡಬೇಕು. ಪುತ್ತೂರಿನವರು ಖುಷಿಪಡುತ್ತಿದ್ದರು.

ಪಾಸ್‌ವರ್ಡ್ ಸಮೇತ ಕಳಿಸುವವರೂ ಇದ್ದಾರೆ. ಅದರ ಬಗ್ಗೆ ಬರೆಯಲು ಹೊರಟರೆ ಈ ಬರಹ ಮುಗಿಯುವುದಿಲ್ಲ. ನಾನೂ ಒಮ್ಮೆ ಕಳಿಸಿದ್ದೇನೆ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಕೋಡ್ ತುಣುಕಿಗಿಂತ ಬೇಗ ಹಳಸುವುದು ಸೆಟಪ್ ಸಲಹೆ. ಹೊಸಬರು ಕೆಲಸಕ್ಕೆ ಸೇರಿದ ದಿನ ನಾವೊಂದು ಹಾಳೆ ಕೊಡುತ್ತೇವೆ. ಇದನ್ನು ಹಾಕಿಕೊ, ಅದನ್ನು ಹಾಕಿಕೊ, ಈ ಫೈಲಿನಲ್ಲಿ ಈ ಸಾಲು ಸೇರಿಸು. ಹಾಳೆ ಬರೆದವರ ಮಷೀನಿಗೆ ಅದು ಸತ್ಯ. ಒಬ್ಬಳು ಹೊಸ ಹುಡುಗಿ ಎರಡು ದಿನ ಒದ್ದಾಡಿ ಮೂರನೇ ದಿನ ಬಂದು, "ಮೇಡಂ, ಏಳನೇ ಪಾಯಿಂಟ್ ಯಾಕೆ?" ಅಂದಳು. ಏಳನೇ ಪಾಯಿಂಟ್, ಒಂದು ಫೋಲ್ಡರಿಗೆ 777 ಅನುಮತಿ ಕೊಡು ಅನ್ನುವುದು. ಅಂದರೆ ಯಾರು ಬೇಕಾದರೂ ಓದಿ, ಬರೆಯಿರಿ, ಓಡಿಸಿ. ಬಾಗಿಲು ಗಟ್ಟಿಯಾಗಿದೆ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಯಾರು ಸೇರಿಸಿದ್ದು ಅಂತ ಹಿಂದಕ್ಕೆ ಹೋಗಿ ನೋಡಿದೆ. ನಾನೇ. ಯಾಕೆ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ತೆಗೆದೆವು. ಏನೂ ಆಗಲಿಲ್ಲ. ಎಷ್ಟು ವರ್ಷದಿಂದ ಎಷ್ಟು ಜನ ಅದನ್ನು ಶ್ರದ್ಧೆಯಿಂದ ಮಾಡಿದ್ದರೋ.

ಅದೇ ಹಾಳೆಯಲ್ಲಿ ನನಗೆ ಇಷ್ಟವಾದ ಒಂದು ಪಾಯಿಂಟ್ ಇದೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, ಇರುತ್ತದೆ, ನಮ್ಮದು ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆ ನೆನಪಿರಲಿ. ಯಾರೋ ಕೊಟ್ಟ ಕ್ರಾನ್ ಸಾಲನ್ನು (ಇಷ್ಟು ಗಂಟೆಗೆ ಇದನ್ನು ಮಾಡು ಅಂತ ಸರ್ವರಿಗೆ ಹೇಳುವುದು) ಹಾಗೇ ಹಾಕಿ ಬೆಳಿಗ್ಗೆ 9ಕ್ಕೆ ಹೋಗಬೇಕಾದ ಎಸ್ಎಂಎಸ್ ಮಧ್ಯಾಹ್ನ 2:30ಕ್ಕೆ ಹೋಗಿತ್ತು. ಬೆಳಿಗ್ಗೆ 9 ಬೇಕಾದರೆ 3:30 ಅಂತ ಹಾಕಬೇಕು. ಕೆಳಗೆ ಯಾರೋ ಪೆನ್ನಿನಲ್ಲಿ ಸೇರಿಸಿದ್ದಾರೆ: ನಮ್ಮ ಟೈಮ್ ಝೋನಿನ ಹೆಸರನ್ನು ಏಷ್ಯಾ-ಕೋಲ್ಕತ್ತಾ ಅಂತ ಹೋಲಿಸಿ ನೋಡಬೇಡಿ, ಕ್ರೋಮ್ ಹಳೇ ಕ್ಯಾಲ್ಕಟಾ ಅನ್ನಬಹುದು. ಊರಿನ ಹೆಸರು ಬದಲಾದರೂ ಕೋಡಿನ ಒಳಗಿನ ಹಳೇ ಬೋರ್ಡ್ ಹಾಗೇ ಇದೆ. ಆ ಪೆನ್ನಿನ ಸಾಲು ಒಬ್ಬರ ಇಡೀ ಸಂಜೆಯ ಬೆಲೆ ಅಂತ ನನಗೆ ಗೊತ್ತು. ಯಾರ ಕೈಬರಹ ಅಂತಲೂ ಗೊತ್ತು.

ಕೆಲವು ಸಾಲಗಳು ತಾನಾಗೇ ತೀರುತ್ತವೆ. ಮೊತ್ತಕ್ಕೆ ಲಕ್ಷ, ಕೋಟಿ ಲೆಕ್ಕದಲ್ಲಿ ಅಲ್ಪವಿರಾಮ ಹಾಕುವ ಒಂದು ಭಯಂಕರ ರೆಜೆಕ್ಸನ್ನು ನಾವು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದೆವು. ಮುಟ್ಟಲು ಎಲ್ಲರಿಗೂ ಭಯ. ಆಮೇಲೆ ಗೊತ್ತಾಯಿತು, ಬ್ರೌಸರಿಗೇ ಅದು ಬರುತ್ತದೆ. "ಎನ್-ಐಎನ್" (ಇಂಡಿಯಾದ ಇಂಗ್ಲಿಷ್) ಅಂತ ಹೇಳಿದರೆ 12,34,567 ಅಂತ ಹಾಕಿಕೊಡುತ್ತದೆ. ಇನ್ನೊಂದಿಷ್ಟು ಬಾಲ ಸೇರಿಸಿ ಕನ್ನಡ ಅಂಕಿ ಕೇಳಿದರೆ ೧೨,೩೪,೫೬೭ ಅಂತಲೂ ಕೊಡುತ್ತದೆ. ರೆಜೆಕ್ಸ್ ಅಳಿಸುವಾಗ ಒಂದು ಚೂರು ಬೇಜಾರಾಯಿತು. ಅದನ್ನು ಕೊಟ್ಟವರು ಯಾರು ಅಂತ ಯಾರೂ ಬರೆದಿರಲಿಲ್ಲ.

ಈಗಿನ ಹುಡುಗರು ಎಐಯನ್ನು ಕೇಳುತ್ತಾರೆ. ನಾನೂ ಕೇಳುತ್ತೇನೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಉತ್ತರ ಬೇಗ ಬರುತ್ತದೆ, ರಾತ್ರಿ ಹತ್ತೂವರೆಗೆ ಯಾರನ್ನೂ ಎಬ್ಬಿಸಬೇಕಿಲ್ಲ, ದಡ್ಡ ಪ್ರಶ್ನೆ ಅಂತ ಯಾರೂ ನಗುವುದಿಲ್ಲ. ಈ ಕೊನೆಯದು ಸಣ್ಣ ಲಾಭ ಅಲ್ಲ. ನಗುತ್ತಾರೆ ಅಂತಲೇ ಕೇಳದೆ ಕೂತವರನ್ನು ನಾನು ಬಹಳ ನೋಡಿದ್ದೇನೆ. ಆದರೆ ಹೋದ ತಿಂಗಳು ನಮ್ಮ ಹೊಸ ಹುಡುಗ ಥರ್ಮಲ್ ಪ್ರಿಂಟರಿಗೆ ಅದರ ಹತ್ತಿರ ಕೋಡ್ ಬರೆಸಿಕೊಂಡ. ಚೊಕ್ಕಟವಾಗಿತ್ತು, ನನ್ನದಕ್ಕಿಂತ ಚೆನ್ನಾಗಿತ್ತು. ಬಿಲ್ಲಿನಲ್ಲಿ "ಅಕ್ಕಿ" ಮತ್ತೆ ಬಿಡಿಬಿಡಿಯಾಗಿ ಬಂತು. ಅವನು ವಿಂಡೋಸ್ ಅಂತ ಹೇಳಿರಲಿಲ್ಲ. ಅದೂ ಕೇಳಿರಲಿಲ್ಲ. ನಾನು ನಕ್ಕೆ, ಆಮೇಲೆ ನನ್ನ ಹತ್ತು ಸಾಲು ನೆನಪಾಗಿ ನಗು ನಿಲ್ಲಿಸಿದೆ.

ಸರಿ, ಮಂಗಳವಾರ ರಾತ್ರಿಗೆ ಬರುತ್ತೇನೆ. ಹೋದ ವರ್ಷದ ಶನಿವಾರ ನೆನಪಿತ್ತು. ಈ ಸಲ ಹಾಗೆ ಕಳಿಸಬಾರದು ಅಂತ ಗಟ್ಟಿ ಮಾಡಿಕೊಂಡೆ. ಆ ಎರಡು ಸಾಲಿನ ಮೇಲೆ ಕಮೆಂಟ್ ಬರೆದೆ. ಇದು ಯಾಕೆ, ಎಕ್ಸೆಲ್ ಏನು ಮಾಡುತ್ತದೆ, ಬಾಮ್ ಅಂದರೆ ಏನು. ಈ ಫೈಲನ್ನು ಬೇರೆ ಪ್ರೋಗ್ರಾಂ ಓದುವುದಾದರೆ ಅಲ್ಲೂ "ಸಿಗ್" ಸೇರಿಸು, ಬಾಮ್ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೂ ತೊಂದರೆ ಇಲ್ಲ. ಕಾಣದ ಅಕ್ಷರ ತೆಗೆಯುವ ರೆಜೆಕ್ಸ್ ಹಾಕಬೇಡ, 200ಸಿ ಹೋಗುತ್ತದೆ. ಯಾವ ಪೈಥಾನ್‌ನಲ್ಲಿ ನೋಡಿದ್ದು, ಯಾವ ತಾರೀಕು. ಕೆಳಗೆ ನನ್ನ ಹೆಸರು. ಲ್ಯಾಪ್‌ಟಾಪಿನಿಂದಲೇ ಕಳಿಸಿದೆ, ಬ್ಯಾಕ್‌ಟಿಕ್ ಹಾಕಿ. ಹನ್ನೊಂದೂಕಾಲು ಆಗಿತ್ತು. ಒಳ್ಳೇ ಕೆಲಸ ಮಾಡಿದೆ ಅನ್ನುವ ಹೆಮ್ಮೆಯಲ್ಲಿ ನೀರು ಕುಡಿದು ಬಂದೆ.

ಉತ್ತರ ಬಂದಿತ್ತು. "ಅಕ್ಕಾರೆ, ಎರಡ ಲೈನ್ ಕೇಳಿದ್ರ ಪುರಾಣನ ಕಳಿಸೀರಲ್ರಿ."

ಅದರ ಕೆಳಗೇ ಇನ್ನೊಂದು. "ಆದ್ರ ಎಕ್ಸೆಲ್ ಅಂತ ಬರದೀರಿ. ಇವರ ಕಡೆ ಎಕ್ಸೆಲ್ ಇಲ್ರಿ. ಹೋದ ತಿಂಗಳಿಂದ ಲಿಬ್ರೆ ಆಫೀಸ್."

ನಾನು ಒಂದು ನಿಮಿಷ ಸುಮ್ಮನೆ ಕೂತೆ. ಲಿಬ್ರೆ ಆಫೀಸ್‌ನಲ್ಲಿ ಸಿಎಸ್‌ವಿ ತೆಗೆಯುವಾಗ ಒಂದು ಪೆಟ್ಟಿಗೆ ಬರುತ್ತದೆ, ಯಾವ ಅಕ್ಷರ ಸಂಕೇತ ಅಂತ ಅದೇ ಕೇಳುತ್ತದೆ. ಅಲ್ಲಿ ಯಾರೋ ಬೇರೇನೋ ಆರಿಸಿ ಓಕೆ ಒತ್ತಿರುತ್ತಾರೆ. ಯುನಿಕೋಡ್ ಯುಟಿಎಫ್-8 ಅಂತ ಆರಿಸಕ್ಕೆ ಹೇಳು ಅಂತ ಬರೆದೆ. ಕೋಡ್ ಮುಟ್ಟುವುದೇ ಬೇಕಾಗಿರಲಿಲ್ಲ.

ಮೂರು ನಿಮಿಷ ಬಿಟ್ಟು ಒಂದು ಸ್ಕ್ರೀನ್‌ಶಾಟ್ ಬಂತು. ಶಾಂತಮ್ಮ, ಬಸಪ್ಪ ಎಲ್ಲರೂ ಅವರವರ ಜಾಗದಲ್ಲಿ ಕೂತಿದ್ದರು. "ಆತ್ರಿ ಅಕ್ಕಾರೆ. ಮಲ್ಕೊಳ್ರಿ ಇನ್ನ."